ತೂಬು ಮುಚ್ಚುವ ಮುನ್ನ

ಬಸ್ ನಿಲ್ದಾಣದ ಶೌಚಾಲಯದ ಗೋಡೆ, ರೈಲು ಹಳಿಯ ಪಕ್ಕದ ಕಾಂಪೌಂಡು, ವಾರಪತ್ರಿಕೆಯ ಕೊನೆಯ ಪುಟ. ಎಲ್ಲಿ ನೋಡಿದರೂ ಗಂಡಸರಿಗೆ ಸಿಗುವ ಭರವಸೆ ಒಂದೇ: ಹೆಚ್ಚಿಸಿಕೊಡುತ್ತೇವೆ. ಶಕ್ತಿ, ಆಸಕ್ತಿ, ಅವಧಿ, ಏನು ಬೇಕಾದರೂ. ಕಡಿಮೆ ಮಾಡಿಕೊಡುತ್ತೇವೆ ಎಂದು ಬೋರ್ಡು ಬರೆಸಿದವರನ್ನು ಯಾರೂ ಕಂಡಿಲ್ಲ. ಹಾಗೆಂದು ಕೇಳುವವರೇ ಇಲ್ಲ ಅಂದುಕೊಳ್ಳಬೇಡಿ. ಇದ್ದಾರೆ, ಆದರೆ ಗೋಡೆ ಬರಹ ಓದಿ ಬರುವ ಗಿರಾಕಿಗಳಲ್ಲ ಅವರು. ವೈದ್ಯರ ಕೋಣೆಯಲ್ಲಿ ಕೂತು, ಮೊದಲು ಬೆನ್ನುನೋವಿನ ಬಗ್ಗೆ ಮಾತಾಡಿ, ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳುವವರು.

ಅವರಲ್ಲೂ ನಾನಾ ಬಗೆ. ಓದಲು ಕೂತರೆ ಮನಸ್ಸು ನಿಲ್ಲುವುದಿಲ್ಲ ಎನ್ನುವ ಹುಡುಗ. ಬ್ರಹ್ಮಚರ್ಯಕ್ಕೆ ಸಂಕಲ್ಪ ಮಾಡಿ ದೇಹದೊಂದಿಗೆ ಜಗಳಕ್ಕೆ ಬಿದ್ದವನು. ಗಂಡಿನ ದೇಹದಲ್ಲಿ ಹುಟ್ಟಿ ತಾನು ಹೆಣ್ಣೆಂದು ತಿಳಿದಾಕೆ. ಪ್ರಾಸ್ಟೇಟ್ ಕ್ಯಾನ್ಸರಿನ ಹಿರಿಯರು. ಇವರಿಗೆ ಆಸೆ ತಗ್ಗುವುದು ಬೇಕಿಲ್ಲ, ಹಾರ್ಮೋನ್ ತಗ್ಗಿದರೆ ಸಾಕು, ಆದರೆ ಎರಡೂ ಜೊತೆಗೇ ಹೋಗುತ್ತವೆ. ಕೊನೆಗೆ, ತನ್ನೊಳಗಿನ ಸೆಳೆತ ಇನ್ನೊಬ್ಬರಿಗೆ, ಅದರಲ್ಲೂ ಮಗುವಿಗೆ, ಅಪಾಯ ತಂದೀತು ಎಂದು ಹೆದರಿ ಬಂದವನು. ಕೇಳುವ ಮಾತು ಎಲ್ಲರದೂ ಒಂದೇ. ಉತ್ತರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಹಾರ್ಮೋನಿಗೆ ಹೆಸರಿಡುವ ಎಷ್ಟೋ ಮೊದಲೇ ನಮ್ಮ ರೈತರಿಗೆ ಅದರ ಕೆಲಸ ಗೊತ್ತಿತ್ತು. ಬೀಜ ಒಡೆಸಿದ ಹೋರಿ ನೊಗಕ್ಕೆ ಕತ್ತು ಕೊಡುವ ಎತ್ತಾಗುತ್ತದೆ. ಇದನ್ನು ಪ್ರಯೋಗವಾಗಿ ಮಾಡಿ ನೋಡಿದವನು ಜರ್ಮನಿಯ ಗಟಿಂಗೆನ್‌ನ ಅರ್ನಾಲ್ಡ್ ಬರ್ಟೋಲ್ಡ್. 1849ರಲ್ಲಿ ಅವನು ಹುಂಜಗಳ ವೃಷಣ ತೆಗೆದ; ಜುಟ್ಟು ಬಾಡಿತು, ಕೂಗು ನಿಂತಿತು, ಜಗಳವೂ ನಿಂತಿತು. ಅದೇ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಕೂರಿಸಿದಾಗ ಎಲ್ಲವೂ ಮರಳಿ ಬಂತು. ಹಳೆಯ ನರಗಳ ಸಂಪರ್ಕವಿಲ್ಲದೆ ಅಂಗ ಕೆಲಸ ಮಾಡಿತೆಂದರೆ ರಕ್ತದ ಮೂಲಕ ಏನೋ ಹರಿದಿರಬೇಕು. ಆ ‘ಏನೋ’ ಹೋರಿಗಳ ವೃಷಣದಿಂದ ಶುದ್ಧ ರೂಪದಲ್ಲಿ ಕೈಗೆ ಸಿಕ್ಕಿದ್ದು 1935ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕರ್ ಅವರ ತಂಡಕ್ಕೆ. ಟೆಸ್ಟೋಸ್ಟೆರೋನ್ ಎಂಬ ಹೆಸರೂ ಆಗಲೇ ಬಂತು.

ಗಾಂಧೀಜಿ ಬ್ರಹ್ಮಚರ್ಯದ ವ್ರತ ತೊಟ್ಟದ್ದು 1906ರಲ್ಲಿ. ಹಾಲು ಕಾಮವನ್ನು ಕೆರಳಿಸುತ್ತದೆಂದು ನಂಬಿ 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅದನ್ನೂ ಬಿಟ್ಟರು. ಮುಂದೆ ಕಾಯಿಲೆ ಬಿದ್ದು, ಕಸ್ತೂರಬಾ ಒತ್ತಾಯಕ್ಕೆ ಮಣಿದು, ಮೇಕೆ ಹಾಲಿಗೆ ಒಪ್ಪಿದ್ದನ್ನು ಅವರೇ ಆತ್ಮಕಥೆಯಲ್ಲಿ ಸಂಕೋಚದಿಂದ ಬರೆದಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ, ಖಾರ, ಹಾಲು ಬಿಟ್ಟವರ ಸಾಲು ನಮ್ಮಲ್ಲಿ ಉದ್ದವಿದೆ. ವ್ರತದ ಬಲ ಬೇರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಪಥ್ಯಗಳಿಂದ ಟೆಸ್ಟೋಸ್ಟೆರೋನ್ ಲೆಕ್ಕಕ್ಕೆ ಸಿಗುವಷ್ಟು ಇಳಿಯುತ್ತದೆ ಎನ್ನಲು ಆಧಾರವಿಲ್ಲ.

ನಿಜಕ್ಕೂ ಇಳಿಸಬಲ್ಲ ಸಾಮಾನು ಗ್ರಂಥಿಗೆ ಅಂಗಡಿಯಲ್ಲಿ ಇಲ್ಲವೇ? ಒಂದಿದೆ, ಅತಿಮಧುರ. ಗಂಟಲು ಕೆಟ್ಟಾಗ ಗಾಯಕರು ಬಾಯಲ್ಲಿಟ್ಟುಕೊಳ್ಳುವ ಅದೇ ಬೇರು. 1999ರಲ್ಲಿ ಇಟಲಿಯ ಸಂಶೋಧಕರು ಏಳು ಮಂದಿ ಆರೋಗ್ಯವಂತ ಗಂಡಸರಿಗೆ ಅದರ ಸಾರವನ್ನು ಒಂದು ವಾರ ಕೊಟ್ಟು, ಟೆಸ್ಟೋಸ್ಟೆರೋನ್ ಗಣನೀಯವಾಗಿ ಇಳಿಯಿತೆಂದು ವರದಿ ಮಾಡಿದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಇಳಿಕೆ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಅನುಮಾನವೇ ಇಲ್ಲದೆ ಕಂಡದ್ದು ಇನ್ನೊಂದು: ಅತಿಮಧುರವನ್ನು ದಿನವೂ ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಕುಸಿಯುತ್ತದೆ, ಹೃದಯದ ಲಯ ತಪ್ಪಬಹುದು. ನಾಟಿ ಬೇರು, ಅಡ್ಡಪರಿಣಾಮವಿಲ್ಲ ಎಂದು ಹೇಳುವವರ ಕೈಗೆ ಮೊದಲು ಬಿ.ಪಿ. ಯಂತ್ರ ಕೊಡಬೇಕು.

ಟೆಸ್ಟೋಸ್ಟೆರೋನ್ ತಯಾರಾಗುವುದು ವೃಷಣದಲ್ಲಿ, ಆದರೆ ಅಪ್ಪಣೆ ಬರುವುದು ತಲೆಯಿಂದ. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಜಿಎನ್‌ಆರ್‌ಎಚ್ ಎಂಬ ಚಿಕ್ಕ ಅಣುವನ್ನು ಸ್ರವಿಸುತ್ತದೆ. ಅದನ್ನು ಕಂಡ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಬಿಡುತ್ತದೆ. ಎಲ್‌ಎಚ್ ರಕ್ತದಲ್ಲಿ ಇಳಿದು ವೃಷಣ ತಲುಪಿದಾಗ ಕೆಲಸ ಶುರು. ಜಿಎನ್‌ಆರ್‌ಎಚ್‌ನ ರಚನೆ ಗೊತ್ತಾದದ್ದು 1971ರಲ್ಲಿ. ಆಂಡ್ರ್ಯೂ ಶಾಲಿ ಹಂದಿಗಳ ಮಿದುಳನ್ನೂ ರೋಜರ್ ಗಿಲ್ಲೆಮಿನ್ ಕುರಿಗಳ ಮಿದುಳನ್ನೂ ಕಸಾಯಿಖಾನೆಗಳಿಂದ ತರಿಸಿ, ಲಕ್ಷಗಟ್ಟಲೆ ತುಣುಕುಗಳನ್ನು ಅರೆದು ಸೋಸಿದರು. ಒಬ್ಬರನ್ನೊಬ್ಬರು ಹಿಂದಿಕ್ಕುವ ಹಟವೂ ಜೊತೆಗಿತ್ತು. ಸಿಕ್ಕಿದ್ದು ಹತ್ತೇ ಅಮೈನೋ ಆಮ್ಲಗಳ ಸರಪಳಿ. 1977ರ ನೊಬೆಲ್ ಇವರಿಬ್ಬರ ಜೊತೆ ರೊಸಾಲಿನ್ ಯಾಲೋ ಅವರಿಗೂ ಬಂತು. ರಕ್ತದಲ್ಲಿ ಕಣದಷ್ಟಿರುವ ಹಾರ್ಮೋನನ್ನು ಅಳೆಯುವ ವಿಧಾನ ಅವರದು. ಅಳತೆ ಇಲ್ಲದಿದ್ದರೆ ಈ ಅಧ್ಯಾಯದ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ.

ಮಾರನೆಯ ವರ್ಷವೇ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಅರ್ನ್ಸ್ಟ್ ನೋಬಿಲ್ ಅವರ ಪ್ರಯೋಗಾಲಯ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿತು. ತಮ್ಮದೇ ಜಿಎನ್‌ಆರ್‌ಎಚ್ ಇಲ್ಲದಂತೆ ಮಾಡಿದ ರೀಸಸ್ ಕೋತಿಗಳಿಗೆ ಪಂಪಿನ ಮೂಲಕ ಆ ಹಾರ್ಮೋನನ್ನು ಗಂಟೆಗೊಮ್ಮೆ ಆರು ನಿಮಿಷ ಮಾತ್ರ ಕೊಟ್ಟರು. ಪಿಟ್ಯುಟರಿ ಚೆನ್ನಾಗಿ ಎಲ್‌ಎಚ್ ಬಿಟ್ಟಿತು. ಅದೇ ಹಾರ್ಮೋನನ್ನು ಬಿಡುವಿಲ್ಲದೆ ಹರಿಸಿದಾಗ ಎಲ್‌ಎಚ್ ಏರುವ ಬದಲು ಕುಸಿಯಿತು. ಮತ್ತೆ ಗಂಟೆಗೊಮ್ಮೆ ಕೊಟ್ಟಾಗ ಮತ್ತೆ ಏರಿತು. ಅಪ್ಪಣೆ ಬಿಟ್ಟುಬಿಟ್ಟು ಬಂದರೆ ಗ್ರಂಥಿ ಕೇಳುತ್ತದೆ, ಸದಾ ಬರುತ್ತಿದ್ದರೆ ಅದರ ಜೀವಕೋಶಗಳು ಆ ಅಪ್ಪಣೆಯನ್ನು ಹಿಡಿಯುವ ತಮ್ಮ ಗ್ರಾಹಕಗಳನ್ನೇ ಒಳಗೆ ಎಳೆದುಕೊಳ್ಳುತ್ತವೆ.

ಇವತ್ತು ಟೆಸ್ಟೋಸ್ಟೆರೋನ್ ಇಳಿಸುವ ಮುಖ್ಯ ಚುಚ್ಚುಮದ್ದುಗಳು, ಲ್ಯೂಪ್ರೊಲೈಡ್, ಟ್ರಿಪ್ಟೊರೆಲಿನ್, ಗೋಸೆರೆಲಿನ್, ನಡೆಯುವುದು ಈ ಗುಟ್ಟಿನ ಮೇಲೆಯೇ. ಹಾರ್ಮೋನನ್ನು ನಿಲ್ಲಿಸಲು ಹಾರ್ಮೋನನ್ನೇ ಸುರಿಯುತ್ತವೆ. ತಿಂಗಳಿಗೊಂದು, ಇಲ್ಲವೇ ಮೂರು ತಿಂಗಳಿಗೊಂದು ಚುಚ್ಚಿಸಿಕೊಂಡರೆ ಮೂರು-ನಾಲ್ಕು ವಾರಗಳಲ್ಲಿ ಟೆಸ್ಟೋಸ್ಟೆರೋನ್ ವೃಷಣ ತೆಗೆದಷ್ಟೇ ಕೆಳಕ್ಕೆ ಇಳಿಯುತ್ತದೆ. ವಯಸ್ಕ ಗಂಡಸಿನಲ್ಲಿ ಸುಮಾರು 300ರಿಂದ 1000 ನ್ಯಾನೊಗ್ರಾಂ ಇರುವ ಕಡೆ (ಇದು ಒಂದು ಡೆಸಿಲೀಟರ್ ರಕ್ತದ ಲೆಕ್ಕ) 50ಕ್ಕಿಂತ ಕೆಳಗೆ.

ಆದರೆ ಆ ಮೊದಲ ವಾರಗಳಲ್ಲಿ ಏನಾಗುತ್ತದೆ? ಪಿಟ್ಯುಟರಿ ಸೋಲುವ ಮೊದಲು ಒಮ್ಮೆ ಜೋರಾಗಿ ಎದ್ದೇಳುತ್ತದೆ. ಟೆಸ್ಟೋಸ್ಟೆರೋನ್ ಒಂದೆರಡು ವಾರ ಏರುತ್ತದೆ. ಬೆನ್ನುಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಲ್ಲಿ ಗಡ್ಡೆ ಈ ಸಮಯದಲ್ಲಿ ಉಬ್ಬಿ ಬೆನ್ನುಹುರಿಯನ್ನು ಒತ್ತಬಹುದು, ಕಾಲಿನ ಸ್ವಾಧೀನ ತಪ್ಪಬಹುದು. ಆಸೆ ತಗ್ಗಿಸಲೆಂದು ಬಂದವನಿಗೆ ಆಸೆ ಇನ್ನಷ್ಟು ಕೆರಳಬಹುದು. ಯಾವ ಕಾರಣಕ್ಕೆ ಆತ ಹೆದರಿ ಬಂದನೋ ಅದೇ ಆಗಿಬಿಡುವ ಅಪಾಯದ ಹದಿನೈದು ದಿನ. ಅದಕ್ಕೇ ವೈದ್ಯರು ಚುಚ್ಚುಮದ್ದಿನ ಜೊತೆ ಟೆಸ್ಟೋಸ್ಟೆರೋನ್‌ನ ಕೆಲಸಕ್ಕೆ ಅಡ್ಡ ನಿಲ್ಲುವ ಮಾತ್ರೆಯನ್ನೂ ಕೆಲವು ವಾರ ಕೊಡುತ್ತಾರೆ. ಡೆಗರೆಲಿಕ್ಸ್‌ನಂಥ ಹೊಸ ಔಷಧಗಳು ಈ ಏರಿಕೆಯಿಲ್ಲದೆ ನೇರವಾಗಿ ಇಳಿಸುತ್ತವೆ. ಔಷಧದ ಹೆಸರು ಕೇಳಿ ತಿಳಿದುಕೊಂಡು ತಾನೇ ಚುಚ್ಚಿಕೊಳ್ಳುವವನಿಗೆ ಈ ಹದಿನೈದು ದಿನದ ಲೆಕ್ಕವನ್ನು ಯಾರು ಹೇಳಬೇಕು?

ಇನ್ನು ಇಳಿದ ಮೇಲಿನ ಕಥೆ. ಕೆರೆಯ ತೂಬು ಮುಚ್ಚಿದವನ ಕಣ್ಣು ಒಂದೇ ಗದ್ದೆಯ ಮೇಲಿದ್ದರೂ ಒಣಗುವುದು ಇಡೀ ಅಚ್ಚುಕಟ್ಟು. ಟೆಸ್ಟೋಸ್ಟೆರೋನ್ ನೀರುಣಿಸುವ ಗದ್ದೆಗಳಲ್ಲಿ ಕಾಮ ಒಂದು. ಉಳಿದವು ಮೂಳೆ, ಸ್ನಾಯು, ಕೆಂಪು ರಕ್ತಕಣ, ಕೊಬ್ಬಿನ ಹಂಚಿಕೆ, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿ, ಮನಸ್ಸಿನ ಹುರುಪು. ತೂಬು ಮುಚ್ಚಿದ ಕೆಲವೇ ತಿಂಗಳಲ್ಲಿ ಹಿಮೋಗ್ಲೋಬಿನ್ ಇಳಿಯುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಬರುವಂತೆ ಮೈಯೆಲ್ಲ ಬಿಸಿಯೇರಿ ಬೆವರು ಕಿತ್ತುಬರುತ್ತದೆ. ಸೊಂಟದ ಸುತ್ತ ಕೊಬ್ಬು, ಸಕ್ಕರೆಯ ಏರಿಕೆ. ಸದ್ದಿಲ್ಲದೆ ಸವೆಯುವುದು ಮೂಳೆ. ನೋವಿಲ್ಲ, ಸೂಚನೆಯಿಲ್ಲ, ಒಂದು ದಿನ ಜಾರಿ ಬಿದ್ದಾಗ ಮಣಿಕಟ್ಟೋ ಸೊಂಟವೋ ಮುರಿದ ಮೇಲೆ ಗೊತ್ತಾಗುತ್ತದೆ.

ಮೂಳೆಯ ವಿಷಯದಲ್ಲಿ ಒಂದು ಪ್ರಕರಣ ಹೇಳಲೇಬೇಕು. 1994ರಲ್ಲಿ ವೈದ್ಯ ಪತ್ರಿಕೆಯಲ್ಲಿ ವರದಿಯಾದ ಇಪ್ಪತ್ತೆಂಟು ವರ್ಷದ ಒಬ್ಬ ಗಂಡಸು 204 ಸೆಂಟಿಮೀಟರ್ ಎತ್ತರವಿದ್ದ. ಅವನ ಮೂಳೆಗಳ ತುದಿ ಇನ್ನೂ ಮುಚ್ಚಿರಲಿಲ್ಲ, ಬೆಳೆಯುತ್ತಲೇ ಇದ್ದವು. ಸಾಂದ್ರತೆ ಮಾತ್ರ ಮುದುಕಿಯ ಮೂಳೆಯಂತೆ ಕಡಿಮೆ. ಟೆಸ್ಟೋಸ್ಟೆರೋನ್ ಸರಿಯಾಗಿಯೇ ಇತ್ತು. ಕೆಟ್ಟದ್ದು ಈಸ್ಟ್ರೋಜೆನ್‌ನ ಗ್ರಾಹಕ. ಗಂಡಸಿನ ದೇಹ ತನ್ನ ಟೆಸ್ಟೋಸ್ಟೆರೋನ್‌ನ ಒಂದು ಪಾಲನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸಿಕೊಳ್ಳುತ್ತದೆ, ಅವನ ಮೂಳೆಯನ್ನು ಕಾಯುವುದು ಬಹುಪಾಲು ಆ ‘ಹೆಣ್ಣು’ ಹಾರ್ಮೋನೇ ಎಂದು ಈತನಿಂದ ವೈದ್ಯಲೋಕ ಕಲಿಯಿತು. ತೂಬು ಮುಚ್ಚಿದರೆ ಹೋಗುವುದು ಒಂದಲ್ಲ, ಎರಡು ಹಾರ್ಮೋನು.

2013ರಲ್ಲಿ ಬಾಸ್ಟನ್ನಿನ ಸಂಶೋಧಕರು ಇದನ್ನು ಬಿಡಿಸಿ ನೋಡಿದರು. ಇಪ್ಪತ್ತರಿಂದ ಐವತ್ತು ವಯಸ್ಸಿನ 198 ಆರೋಗ್ಯವಂತ ಗಂಡಸರ ಸ್ವಂತ ಹಾರ್ಮೋನನ್ನು ಗೋಸೆರೆಲಿನ್ ಕೊಟ್ಟು ನಿಲ್ಲಿಸಿ, ಹದಿನಾರು ವಾರ ಟೆಸ್ಟೋಸ್ಟೆರೋನ್ ಮುಲಾಮನ್ನು ಬೇರೆಬೇರೆ ಪ್ರಮಾಣದಲ್ಲಿ ಹಚ್ಚಿಸಿದರು. ಕೆಲವರಿಗೆ ಬರಿಯ ಮುಲಾಮು. ಇನ್ನೂ 202 ಮಂದಿಗೆ ಇದೆಲ್ಲದರ ಜೊತೆಗೆ, ಈಸ್ಟ್ರೋಜೆನ್ ಆಗಿ ಮಾರ್ಪಡುವುದನ್ನು ತಡೆಯುವ ಮಾತ್ರೆಯನ್ನೂ ಕೊಟ್ಟರು. ಸ್ನಾಯು ಮತ್ತು ಬಲ ಕುಂದಿದ್ದು ಟೆಸ್ಟೋಸ್ಟೆರೋನ್ ಕೊರತೆಯಿಂದ. ಕೊಬ್ಬು ಸೇರಿದ್ದು ಮುಖ್ಯವಾಗಿ ಈಸ್ಟ್ರೋಜೆನ್ ಕೊರತೆಯಿಂದ. ಕಾಮಾಸಕ್ತಿ ಕುಗ್ಗಿದ್ದು ಎರಡರಿಂದಲೂ.

ಕಾಮ ಹೆಚ್ಚಾಗಿದೆ ಎನ್ನುವವನ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಹೆಚ್ಚಾಗಿರಬೇಕು ಎಂಬುದು ಎಲ್ಲರ ಊಹೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ (ಮುಂಜಾನೆ ಮಟ್ಟ ಏರಿರುವುದರಿಂದ ಆಗಲೇ ತೆಗೆಯಬೇಕು, ಒಮ್ಮೆ ಸಾಲದು, ಇನ್ನೊಂದು ದಿನ ಮತ್ತೆ) ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಬರುವುದು ಎಲ್ಲರಂಥದೇ ಅಂಕಿ. ಆಸೆಗೆ ಇಂತಿಷ್ಟು ಹಾರ್ಮೋನ್ ಬೇಕು; ಅದಕ್ಕಿಂತ ಕೆಳಗಿಳಿದರೆ ಆಸೆ ಬಾಡುತ್ತದೆ. ಮಟ್ಟ ಸಹಜ ಮಿತಿಯೊಳಗಿದ್ದಾಗ ಒಬ್ಬನಿಗೆ 400, ಇನ್ನೊಬ್ಬನಿಗೆ 800 ಎಂದರೆ ಎರಡನೆಯವನಿಗೆ ಆಸೆ ಇಮ್ಮಡಿ ಎಂದಲ್ಲ.

ಹಾಗಾದರೆ ತೊಂದರೆ ಎಲ್ಲಿಂದ? ಇಲ್ಲಿಯೇ ಒಳ್ಳೆಯ ವೈದ್ಯರಿಗೂ ಔಷಧದಂಗಡಿಗೂ ಇರುವ ವ್ಯತ್ಯಾಸ ಕಾಣುವುದು. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳು ಕೆಲವರಲ್ಲಿ ಜೂಜು, ಖರೀದಿ ಮತ್ತು ಕಾಮದ ಹುಚ್ಚು ಹತ್ತಿಸುತ್ತವೆ. ಎಪ್ಪತ್ತರ ಅಜ್ಜ ಇದ್ದಕ್ಕಿದ್ದಂತೆ ಅಜ್ಜಿಯನ್ನು ರಾತ್ರಿಯಿಡೀ ಕಾಡತೊಡಗಿದರೆ ಮನೆಯವರು ಮಾನಕ್ಕೆ ಅಂಜಿ ಬಾಯಿ ಬಿಡುವುದಿಲ್ಲ; ಹೇಳಿದರೆ ಮಾತ್ರೆಯ ಪ್ರಮಾಣ ತಗ್ಗಿಸಿದಾಗಲೇ ಅದು ಕರಗೀತು. ಬೈಪೋಲಾರ್ ಕಾಯಿಲೆಯ ಉನ್ಮಾದ, ಮಿದುಳಿನ ಮುಂಭಾಗಕ್ಕೆ ಬಿದ್ದ ಪೆಟ್ಟು, ಜಿಮ್ಮಿನಲ್ಲಿ ಗುಟ್ಟಾಗಿ ತೆಗೆದುಕೊಂಡ ಸ್ಟೆರಾಯ್ಡ್, ಇವುಗಳಲ್ಲಿ ಯಾವುದಕ್ಕೂ ಮದ್ದು ತೂಬು ಮುಚ್ಚುವುದಲ್ಲ.

ಕಾರಣವೇ ಇಲ್ಲದ ಕಾಯಿಲೆಯೂ ಉಂಟು. ಪರೀಕ್ಷೆಗೆ ಓದುವ ಆ ಹುಡುಗನನ್ನೇ ನೋಡಿ. ಆಸೆ ವಯಸ್ಸಿಗೆ ತಕ್ಕಷ್ಟೇ ಇದೆ, ಅಪರಾಧಭಾವ ಮಾತ್ರ ಮಿತಿಮೀರಿದೆ. ವೀರ್ಯ ಹೋದರೆ ಶಕ್ತಿ ಹೋಯಿತೆಂಬ ಭಯದಿಂದ ಸೊರಗುವುದಕ್ಕೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಪಟ್ಟಿಯಲ್ಲಿ ಹತೋಟಿ ಮೀರಿದ ಕಾಮವರ್ತನೆ ಒಂದು ಕಾಯಿಲೆಯಾಗಿ ಸೇರಿದೆ. ಆದರೆ ಕಟ್ಟುನಿಟ್ಟಾದ ಷರತ್ತಿನೊಂದಿಗೆ: ತಿಂಗಳುಗಟ್ಟಲೆ ಹತೋಟಿ ತಪ್ಪಿ ಬದುಕು ಕೆಟ್ಟಿರಬೇಕು, ಬರೀ ‘ಇದು ಪಾಪ’ ಎಂಬ ಸಂಕಟ ಸಾಲದು. ಆ ಹುಡುಗನಿಗೆ ಬೇಕಾದದ್ದು ಮಾತಾಡಿ ಭಯ ಬಿಡಿಸುವವರು. ಗೋಸೆರೆಲಿನ್ ಚುಚ್ಚಿದರೆ ಅವನು ಪರೀಕ್ಷೆಯ ಜೊತೆ ಮೂಳೆಯನ್ನೂ ಕಳೆದುಕೊಂಡಾನು.

ಕಾಯಿಲೆ ನಿಜವಾಗಿದ್ದರೂ ಏಣಿಯ ಮೊದಲ ಮೆಟ್ಟಿಲು ಹಾರ್ಮೋನಲ್ಲ. ಜೈವಿಕ ಮನೋವೈದ್ಯ ಸಂಘಗಳ ಜಾಗತಿಕ ಒಕ್ಕೂಟದ ಮಾರ್ಗಸೂಚಿ (2010ರದ್ದು, 2020ರಲ್ಲಿ ಪರಿಷ್ಕರಿಸಿದ್ದು) ಆಪ್ತಸಮಾಲೋಚನೆಯಿಂದ ಆರಂಭಿಸಿ, ಆಮೇಲೆ ಫ್ಲೂಆಕ್ಸೆಟಿನ್, ಸೆರ್ಟ್ರಾಲಿನ್‌ನಂಥ ಮಾತ್ರೆಗಳಿಗೆ ಹೋಗುತ್ತದೆ. ಖಿನ್ನತೆಗೆ ಈ ಮಾತ್ರೆ ತಿನ್ನುವವರು ‘ಆಸೆಯೇ ಹೋಯಿತು ಡಾಕ್ಟ್ರೇ’ ಎಂದು ದೂರುವುದುಂಟು. ಆ ಅಡ್ಡಪರಿಣಾಮವನ್ನೇ ಇಲ್ಲಿ ಕೆಲಸಕ್ಕೆ ಹಚ್ಚುವುದು. ಹಾರ್ಮೋನ್ ಇಳಿಸುವ ಮದ್ದು ಮೇಲಿನ ಮೆಟ್ಟಿಲುಗಳಲ್ಲಿ, ಇತರರಿಗೆ ಅಪಾಯವಿರುವ ತೀವ್ರ ಪ್ರಕರಣಗಳಿಗೆ.

ಆ ಮೆಟ್ಟಿಲಲ್ಲಿ ಮದ್ದಿಗೆ ಬಲವಿದೆ ಎನ್ನುವುದು ಸತ್ಯ. 1998ರಲ್ಲಿ ಇಸ್ರೇಲಿನ ರೋಸ್ಲರ್ ಮತ್ತು ವಿಟ್ಸ್‌ಟಮ್ ದೀರ್ಘಕಾಲದ ವಿಕೃತ ಕಾಮದಿಂದ ಬಳಲುತ್ತಿದ್ದ ಮೂವತ್ತು ಗಂಡಸರಿಗೆ ತಿಂಗಳಿಗೊಂದು ಟ್ರಿಪ್ಟೊರೆಲಿನ್ ಕೊಟ್ಟರು. ವಾರಕ್ಕೆ ಸರಾಸರಿ 48 ಬಾರಿ ಬರುತ್ತಿದ್ದ ಅಂಥ ಕಲ್ಪನೆ, ಬಯಕೆಗಳು ಸೊನ್ನೆಗಿಳಿದವು. ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯವರು, ಮಕ್ಕಳತ್ತ ಸೆಳೆತವಿದ್ದು ತಾವಾಗಿಯೇ ಸಹಾಯ ಕೇಳಿ ಬಂದ 52 ಗಂಡಸರಲ್ಲಿ ಕೆಲವರಿಗೆ ಡೆಗರೆಲಿಕ್ಸ್, ಕೆಲವರಿಗೆ ಬರಿಯ ದ್ರಾವಣ ಚುಚ್ಚಿ, ಯಾರಿಗೆ ಯಾವುದೆಂದು ಮುಚ್ಚಿಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಎರಡೇ ವಾರದಲ್ಲಿ ವ್ಯತ್ಯಾಸ ಕಂಡಿತು. ಆದರೆ ಮದ್ದು ಪಡೆದ ಇಬ್ಬರನ್ನು ಆತ್ಮಹತ್ಯೆಯ ಯೋಚನೆ ಹೆಚ್ಚಿದ್ದಕ್ಕೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಪಕ್ಕದಲ್ಲಿ ವೈದ್ಯರಿದ್ದರು, ಸೇರಿಸಿದರು.

ಕಾನೂನಿನ ವಿಷಯದಲ್ಲಿ ನಾವು ಇನ್ನೂ ಗೊಂದಲದಲ್ಲಿದ್ದೇವೆ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆ 2005ರಲ್ಲಿ ಆರಂಭಿಸಿದ ‘ಡುಂಕೆಲ್‌ಫೆಲ್ಡ್’ ಯೋಜನೆಯಲ್ಲಿ ಇಂಥ ಸೆಳೆತವಿರುವವರು ಗುಟ್ಟಾಗಿ ಬಂದು ಚಿಕಿತ್ಸೆ ಪಡೆಯಬಹುದು, ಅಲ್ಲಿನ ವೈದ್ಯಕೀಯ ಗೌಪ್ಯತೆ ಅಷ್ಟು ಗಟ್ಟಿ. ನಮ್ಮ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ, ಅಪರಾಧ ನಡೆದದ್ದು ಗೊತ್ತಾದರಷ್ಟೇ ಅಲ್ಲ, ನಡೆಯಬಹುದೆಂಬ ಆತಂಕವಿದ್ದರೂ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ. ಮಗುವಿನ ಕಡೆಯಿಂದ ನೋಡಿದರೆ ಸರಿಯಾದ ಕಾನೂನೇ. ಆದರೆ ಏನೂ ಮಾಡದೆ, ಮಾಡಿಬಿಟ್ಟೇನೆಂದು ಹೆದರಿರುವವನು ಇದನ್ನು ಓದಿಕೊಂಡು ಬಾಗಿಲಿಂದಲೇ ಹಿಂದಕ್ಕೆ ಹೋದರೆ ನಷ್ಟ ಮಗುವಿಗೇ. ಅಂಥವನು ಹೆಸರು ಹೇಳದೆ ಮೊದಲ ಮಾತಾಡಲು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಸಿಗುತ್ತದೆ. ಅದರ ಮೇಲ್ವಿಚಾರಣೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಬಲವಂತದ ಮಾತೂ ಆಗಾಗ ಏಳುತ್ತದೆ. ಅತ್ಯಾಚಾರಿಗಳಿಗೆ ಔಷಧದ ಮೂಲಕ ಷಂಡತ್ವದ ಶಿಕ್ಷೆ ಬೇಕೆಂಬ ಕೂಗನ್ನು 2013ರ ನ್ಯಾಯಮೂರ್ತಿ ವರ್ಮಾ ಸಮಿತಿ ಪರಿಶೀಲಿಸಿ ತಳ್ಳಿಹಾಕಿತು. ಬಲವಂತ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಅಲನ್ ಟ್ಯೂರಿಂಗ್ ಇದ್ದಾರೆ. ಕಂಪ್ಯೂಟರಿನ ತಾತ್ವಿಕ ತಳಹದಿ ಹಾಕಿದ ಈ ಗಣಿತಜ್ಞ ಸಲಿಂಗಿ ಎಂಬ ಕಾರಣಕ್ಕೆ 1952ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಜೈಲು ಅಥವಾ ಹಾರ್ಮೋನ್, ಆರಿಸಿಕೋ ಎಂದಿತು. ಒಂದು ವರ್ಷ ಈಸ್ಟ್ರೋಜೆನ್ ಪಡೆದ ಅವರಿಗೆ ಸ್ತನ ಬೆಳೆಯಿತು. 1954ರಲ್ಲಿ ಸೈನೈಡ್‌ನಿಂದ ತೀರಿಕೊಂಡರು. ಅಲ್ಲಿಯೂ ‘ವೈದ್ಯರ ಮೇಲ್ವಿಚಾರಣೆ’ ಇತ್ತು; ಇರದಿದ್ದದ್ದು ರೋಗ.

ಟ್ರಾನ್ಸ್ ಹೆಣ್ಣುಮಕ್ಕಳ ಪಾಡು ಇದಕ್ಕೆ ತದ್ವಿರುದ್ಧ. ಬೇಕೆಂದವರು ಅವರೇ, ಆದರೆ ವೈದ್ಯರ ಬಾಗಿಲು ಅವರಿಗೆ ಸುಲಭವಾಗಿ ತೆರೆಯುವುದಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ಎದುರಾಗುವ ನೋಟಕ್ಕೆ ಅಂಜಿ, ಜೊತೆಯವರ ಮಾತು ಕೇಳಿ, ಔಷಧದಂಗಡಿಯಲ್ಲಿ ಸಿಗುವ ಗರ್ಭನಿರೋಧಕ ಮಾತ್ರೆಗಳನ್ನು ಹಿಡಿಹಿಡಿಯಾಗಿ ನುಂಗುವವರಿದ್ದಾರೆ. ಆ ಮಾತ್ರೆಯಲ್ಲಿರುವ ಎಥಿನೈಲ್ ಈಸ್ಟ್ರಾಡಿಯೋಲ್ ಪ್ರಮಾಣ ಹೆಚ್ಚಿದಷ್ಟೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹಾರುವ ಅಪಾಯ ಹೆಚ್ಚುತ್ತದೆ. ಬೀಡಿ-ಸಿಗರೇಟು ಸೇದುವವರಲ್ಲಿ ಇನ್ನೂ. ಎಂಡೋಕ್ರೈನಾಲಜಿಸ್ಟ್ ಕೊಡುವುದು ದೇಹದ ಸಹಜ ಈಸ್ಟ್ರಾಡಿಯೋಲ್, ಜೊತೆಗೆ ಟೆಸ್ಟೋಸ್ಟೆರೋನ್ ತಡೆಯುವ ಇನ್ನೊಂದು ಮದ್ದು. ಸ್ಪಿರೊನೊಲ್ಯಾಕ್ಟೋನ್ ಆದರೆ ಪೊಟ್ಯಾಸಿಯಂ ಏರದಂತೆ ರಕ್ತಪರೀಕ್ಷೆ. ಸೈಪ್ರೊಟೆರೋನ್ ಆದರೆ ಯಕೃತ್ತಿನ ಮೇಲೆ ಕಣ್ಣು. ಹೆಚ್ಚು ಪ್ರಮಾಣದಲ್ಲಿ ವರ್ಷಗಟ್ಟಲೆ ತಿಂದವರಲ್ಲಿ ಮಿದುಳಿನ ಹೊದಿಕೆಯ ಗಡ್ಡೆ ಕಂಡದ್ದರಿಂದ ಐರೋಪ್ಯ ಔಷಧ ಸಂಸ್ಥೆ 2020ರಲ್ಲಿ ಅದರ ಬಳಕೆಗೆ ಬಿಗಿ ಹಾಕಿತು. ಈಸ್ಟ್ರೋಜೆನ್ ಸಿಗುವುದರಿಂದ ಇವರ ಮೂಳೆ ಬಹುಮಟ್ಟಿಗೆ ಕ್ಷೇಮ. ಅದೂ ಇಲ್ಲದೆ ಬರೀ ತೂಬು ಮುಚ್ಚಿದವರಿಗೆ ಆ ಕ್ಷೇಮವಿಲ್ಲ.

ಎಲ್ಲ ವಿಚಾರಿಸಿ, ಬೇರೆ ದಾರಿ ಮುಗಿದು, ಚುಚ್ಚುಮದ್ದು ಎಂದೇ ತೀರ್ಮಾನವಾದರೆ ಮೊದಲ ದಿನವೇ ಒಂದು ಕಡತ ತೆರೆಯುತ್ತದೆ. ಟೆಸ್ಟೋಸ್ಟೆರೋನ್, ಎಲ್‌ಎಚ್, ಪ್ರೊಲ್ಯಾಕ್ಟಿನ್, ಹಿಮೋಗ್ಲೋಬಿನ್, ಸಕ್ಕರೆ, ಕೊಬ್ಬು, ಯಕೃತ್ತು, ರಕ್ತದೊತ್ತಡ, ತೂಕ, ಮೂಳೆಯ ಡೆಕ್ಸಾ ಸ್ಕ್ಯಾನ್, ಮನಸ್ಸಿನ ಸ್ಥಿತಿ. ಇವೇ ಮತ್ತೆ ಕೆಲವು ತಿಂಗಳಿಗೊಮ್ಮೆ, ಮೂಳೆಯದು ವರ್ಷಕ್ಕೋ ಎರಡು ವರ್ಷಕ್ಕೋ. ಕ್ಯಾಲ್ಸಿಯಂ, ಡಿ ವಿಟಮಿನ್, ಭಾರ ಎತ್ತುವ ವ್ಯಾಯಾಮ.

ಮತ್ತೆ ಒಂದು ಪ್ರಶ್ನೆ ಕೇಳುತ್ತಾರೆ, ಬಂದವನು ಯೋಚಿಸಿಯೇ ಇರದಂಥದ್ದು: ಮುಂದೆ ಮಕ್ಕಳು ಬೇಕೇ? ಟೆಸ್ಟೋಸ್ಟೆರೋನ್ ಜೊತೆಗೆ ವೀರ್ಯಾಣುಗಳ ಉತ್ಪತ್ತಿಯೂ ನಿಲ್ಲುತ್ತದೆ. ಮದ್ದು ನಿಲ್ಲಿಸಿದರೆ ಯುವಕರಲ್ಲಿ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಎರಡೂ ಮರಳುತ್ತವೆ. ವಯಸ್ಸಾದವರಲ್ಲಿ, ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ತಡವಾಗುತ್ತದೆ, ಕೆಲವರಲ್ಲಿ ಪೂರ್ತಿ ಮರಳುವುದೇ ಇಲ್ಲ. ಹಾಗಾಗಿ ಬೇಕು ಎಂದರೂ, ಇನ್ನೂ ಗೊತ್ತಿಲ್ಲ ಎಂದರೂ, ಚುಚ್ಚುಮದ್ದಿಗೆ ಮೊದಲು ಹೋಗಬೇಕಾದದ್ದು ವೀರ್ಯ ಬ್ಯಾಂಕಿಗೆ. ಮದ್ದು ಶುರುವಾದ ಮೇಲೆ ಹೋದರೆ ಕೂಡಿಡಲು ಅಲ್ಲಿ ಏನೂ ಇರುವುದಿಲ್ಲ.